ಕುದೇರಿನ ಪೀಪಾಯಿಗೆ ಕಾದ ತಳ

ಗುಂಡ್ಲುಪೇಟೆಯ ಊಟಿ ರಸ್ತೆಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಮೊದಲ ಬಸ್ಸಿನ ಕ್ಲೀನರ್ ಕೆಮ್ಮುತ್ತ ಗಾಜು ಒರೆಸುತ್ತಿದ್ದಾನೆ. ಬಸ್ಸು ನಿಲ್ಲುವ ಜಾಗದ ಹಿಂದೆ, ಹೊಂಗೆ ಮರದ ಕೆಳಗೆ, ಒಬ್ಬರು ಕುಕ್ಕರಗಾಲಲ್ಲಿ ಕುಳಿತು ಪಿಂಗಾಣಿ ಬಟ್ಟಲೊಂದಕ್ಕೆ ಬೂದುಬಿಳಿ ಲೋಹದ ಚೂರುಗಳನ್ನು ಒಂದೊಂದಾಗಿ ಹಾಕುತ್ತಿದ್ದಾರೆ. ಚೂರು ಬಿದ್ದ ಕೂಡಲೇ ಬಟ್ಟಲಿನಲ್ಲಿರುವ ಆಸಿಡ್ಡು ಬುಸ್ಸೆಂದು ನೊರೆ ಎಬ್ಬಿಸುತ್ತದೆ. ಅವರು ಮುಖ ಆಚೆ ತಿರುಗಿಸಿ, ಹೆಗಲ ವಲ್ಲಿಯನ್ನು ಮೂಗಿಗೆ ಒತ್ತಿಕೊಂಡು, ಇನ್ನೊಂದು ಚೂರು ಹಾಕುತ್ತಾರೆ. ಐದಾರು ಚೂರಿನ ಹೊತ್ತಿಗೆ ನೊರೆ ನಿಲ್ಲುತ್ತದೆ.

"ಹೊಟ್ಟೆ ತುಂಬ್ತು ಅದಕ್ಕೆ. ಇನ್ನು ಕಚ್ಚಾಕಿಲ್ಲ, ಬನ್ನಿ ಸ್ವಾಮಿ ಹತ್ರಕ್ಕೆ," ಎನ್ನುತ್ತಾರೆ.

ಇವರು ರಾಚಯ್ಯ. ವಯಸ್ಸು ನಲವತ್ತು. ಸೋರುವ ಬಕೀಟು, ಕೊಡ, ಸೀಮೆಎಣ್ಣೆ ಡಬ್ಬ, ನೀರು ಹಾಯಿಸುವ ಕ್ಯಾನುಗಳಿಗೆ ಬೆಸುಗೆ ಹಾಕುವುದು ಇವರ ಕೆಲಸ. ಬಕೀಟು ರಾಚಯ್ಯ ಎಲ್ಲಿ ಎಂದು ಕೇಳಿದರೆ ಊರಲ್ಲಿ ತೋರಿಸುತ್ತಾರೆ. ಮಜ್ಜಿಗೆ ರಾಚಯ್ಯ ಎಂದು ಕೇಳಿದರೆ ನಕ್ಕು, ಇನ್ನೂ ಬೇಗ ತೋರಿಸುತ್ತಾರೆ. ಆ ಎರಡನೆಯ ಹೆಸರಿನ ಹಿಂದೆ ಒಂದು ಮದುವೆಯ ಕಥೆಯಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಿಜ ಹೇಳಬೇಕೆಂದರೆ ನಾನು ಈ ಕಡೆ ಬಂದದ್ದು ಬಂಡೀಪುರದ ಆನೆಗಳ ಬಗ್ಗೆ ಬರೆಯಲು. ಎರಡು ದಿನ ಕಾಡು ಅಲೆದರೂ ಆನೆ ಕಾಣಲಿಲ್ಲ, ಲದ್ದಿ ಮಾತ್ರ ಧಾರಾಳವಾಗಿ ಕಂಡಿತು. ಮೇಲಾಗಿ ನನ್ನ ನೀರಿನ ಕ್ಯಾನು ಸೋರಿ ಹಾಸಿಗೆಯೆಲ್ಲ ಒದ್ದೆಯಾಯಿತು. ನನ್ನ ಜೊತೆಗಿದ್ದ, ಇಲ್ಲಿನ ಕಾಡಿನ ಮದ್ದೂರು ರೇಂಜಿನ ವಾಚರ್ ನಿಂಗಯ್ಯ, "ಅದನ್ನ ರಾಚಯ್ಯನ ತಾವ ಕೊಡಿ ಸ್ವಾಮಿ," ಎಂದು ಕರೆತಂದರು. ಆನೆಗಳನ್ನು ಹೊಗಳಿ ಬರೆಯಲು ಬೇಕಾದಷ್ಟು ಜನರಿದ್ದಾರೆ. ಬಕೀಟಿನ ತಳದ ಬಗ್ಗೆ ಯಾರೂ ಬರೆದದ್ದನ್ನು ನಾನು ಕಂಡಿಲ್ಲ.

ನಿಂಗಯ್ಯ ಬರಿಗೈಯಲ್ಲಿ ಬಂದಿಲ್ಲ. ಚೀಲದ ತುಂಬ ಮುಗಿದುಹೋದ ಬ್ಯಾಟರಿ ಸೆಲ್ಲುಗಳನ್ನು ತಂದಿದ್ದಾರೆ. ಕಾಡಂಚಿನ ಹೊಲಗಳಿಂದ ಆನೆ ಅಟ್ಟುವಾಗ ಟಾರ್ಚಿಗೆ ಹಾಕಿದವು. ರಾಚಯ್ಯ ಒಂದೊಂದನ್ನೇ ಸೀಳಿ, ಒಳಗಿನ ಕರಿಯ ಹಿಟ್ಟನ್ನು ಕೊಡವಿ, ಹೊರಗಿನ ಬಿಳಿಯ ಸಿಪ್ಪೆಯನ್ನು ಉಜ್ಜಿ ತೊಳೆದು ಚೂರು ಮಾಡುತ್ತಾರೆ. ಆ ಸಿಪ್ಪೆಯೇ ಸತು. ಅದನ್ನು ತಿಂದು ತಣ್ಣಗಾದ ಆಸಿಡ್ಡನ್ನು ಬೆಸುಗೆ ಹಾಕುವ ಜಾಗಕ್ಕೆ ಸವರಿದರೆ ಕೊಳೆ ಬಿಟ್ಟು ಬೆಸುಗೆಯ ಸೀಸ ಹಿಡಿಯುತ್ತದೆ. ಬರೀ ಆಸಿಡ್ಡು ಸವರಿದರೆ ತಗಡನ್ನೇ ತಿನ್ನುತ್ತದೆ. ಸೆಲ್ಲಿನ ನಡುವಿನ ಕರಿ ಕಡ್ಡಿಯನ್ನೂ ಇವರು ಎಸೆಯುವುದಿಲ್ಲ, ತಗಡಿನ ಮೇಲೆ ಗೆರೆ ಎಳೆಯಲು ಇಟ್ಟುಕೊಳ್ಳುತ್ತಾರೆ.

"ನಮ್ಗೆ ಬೆಳ್ಕು ಕೊಟ್ಟು ಆಮ್ಯಾಕೆ ಇವ್ರಿಗೆ ಕೂಲಿ ಕೊಡ್ತದೆ ಸೆಲ್ಲು," ಎಂದು ನಿಂಗಯ್ಯ ನಗುತ್ತಾರೆ.

ದಿನಕ್ಕೆ ಎಂಟರಿಂದ ಹತ್ತು ಪಾತ್ರೆ ರಿಪೇರಿ. ಬೇಸಿಗೆಯಲ್ಲಿ ಬಾವಿಗಳ ನೀರು ಕೆಳಗಿಳಿದು ಬಕೀಟುಗಳು ಕಲ್ಲಿಗೆ ಬಡಿಯತೊಡಗಿದರೆ ಹದಿನೈದರವರೆಗೂ ಹೋಗುತ್ತದೆ. ವಾರಕ್ಕೆ ಎರಡೋ ಮೂರೋ ಹೊಸ ಬಕೀಟು. ಹೊಸದಕ್ಕೆ ಬೇಕಾದ ತಗಡು ಮೈಸೂರಿನಿಂದ ಬರಬೇಕು, ಸರ್ಕಾರದ ಪರ್ಮಿಟ್ಟು ಸಿಕ್ಕಾಗ ಬರುತ್ತದೆ. ಕೆಲಸ ಸಂಜೆ ದೀಪ ಹಚ್ಚುವ ಹೊತ್ತಿಗೆ ನಿಲ್ಲುತ್ತದೆ. ಹಳೆಯ ತಗಡನ್ನು ಕೆಂಡದ ಮೇಲೆ ಕಾಯಿಸಿದ ದಿನ ಬಿಳಿಯ ಹೊಗೆ ಎದೆಗಿಳಿದು ಸಂಜೆಗೆ ಚಳಿಜ್ವರ ಹಿಡಿಯುತ್ತದೆ, ಬೆಳಗ್ಗೆ ಬಿಟ್ಟುಹೋಗುತ್ತದೆ. ಮೊದಮೊದಲು ಮಲೇರಿಯಾ ಎಂದು ಕ್ವಿನೈನ್ ನುಂಗಿದ್ದರಂತೆ. "ಕಾಡ್ನ ಜ್ವರ ಅಲ್ಲ, ಇದು ತಗಡ್ನ ಜ್ವರ. ಗುರ್ತು ಸಿಕ್ಕಮ್ಯಾಲೆ ಎದ್ರಿಕೆ ಓಯ್ತು," ಎನ್ನುತ್ತಾರೆ. ಹೆದರಿಕೆ ಹೋಗಿರಬಹುದು, ಕೆಮ್ಮು ಹೋಗಿಲ್ಲ.

ಸತುವಿನ ಮಾತೆಂದರೆ ಇವರಿಗೆ ಮನೆಯವರ ವಿಷಯ ಮಾತಾಡಿದಷ್ಟು ಸಲೀಸು. ತಾಮ್ರಕ್ಕೆ ಸತು ಬೆರೆಸಿದರೆ ನಮ್ಮ ಮನೆಗಳ ಹಿತ್ತಾಳೆ ಕೊಡ. ಕಬ್ಬಿಣದ ತಗಡನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆದರೆ ಹೂವು ಹೂವಾಗಿ ಹೊಳೆಯುವ ಜಿಂಕು ತಗಡು, ನಮ್ಮ ಬಕೀಟು, ನಮ್ಮ ಶಾಲೆಯ ಮಾಡು. ಕೂಸಿನ ತೊಡೆ ಬೆಂದಾಗ ಆಸ್ಪತ್ರೆಯ ಕಾಂಪೌಂಡರ್ ಕೊಡುವ ಬಿಳಿ ಮುಲಾಮಿನಲ್ಲಿಯೂ ಸುಟ್ಟ ಸತುವಿನ ಪುಡಿಯೇ. ನನಗೆ ಗೊತ್ತಿದ್ದ ಒಂದು ಸಂಗತಿಯನ್ನು ನಾನೂ ಹೇಳಿದೆ: ಪತ್ರಿಕೆಯಲ್ಲಿ ಚಿತ್ರ ಬರಬೇಕಾದರೆ ಮೊದಲು ಅದನ್ನು ಸತುವಿನ ಹಲಗೆಯ ಮೇಲೆ ಆಸಿಡ್ಡಿನಿಂದ ಕೊರೆಯುತ್ತಾರೆ. ಈ ಪುಟದಲ್ಲಿ ನೀವು ನೋಡುತ್ತಿರುವ ರಾಚಯ್ಯನವರ ಮುಖ ಮೂಡಿದ್ದೂ ಹಾಗೆಯೇ. ನಿಮ್ಮ ಚಿತ್ರಕ್ಕೂ ಹಾಗೆಯೇ ಮಾಡುತ್ತಾರೆ ಎಂದಾಗ ಅವರು ಗಲ್ಲ ಸವರಿಕೊಂಡರು. "ಆಸಿಡ್ಡು ನನ್ನ ಮೂತಿಗೂ ಬಂತಾ?" ಎಂದರು.

ಹೊಸ ಬಕೀಟು ಗೀಚಿದರೆ ತುಕ್ಕು ಹಿಡಿಯುವುದಿಲ್ಲವೇ ಎಂದು ಕೇಳಿದೆ. ಒಂದು ತುಂಡನ್ನು ಎತ್ತಿ ಮೊಳೆಯಿಂದ ಗೀರಿ ತೋರಿಸಿದರು. "ಇಲ್ಲಿ ಕಬ್ಬಿಣ ಕಾಣ್ತದೆ ನೋಡಿ. ಆದ್ರೂ ತುಕ್ಕು ಬೇಗ್ನೆ ಬರಾಕಿಲ್ಲ. ಪಕ್ಕದಾಗಿರೋ ಸತು ತಾನು ಮೊದ್ಲು ಸವೀತದೆ, ಕಬ್ಬಿಣನ ಮುಟ್ಟಾಕೆ ಬುಡಾಕಿಲ್ಲ. ನಮ್ಮಕ್ಕ ನನ್ನ ಸಾಕುದ್ದೂ ಇಂಗೇ."

ಅಕ್ಕ ಎಂಬ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಅಷ್ಟು ಹೇಳಿ ಕೊಡತಿ ಎತ್ತಿಕೊಂಡರು.

ಅಷ್ಟರಲ್ಲಿ ತೆರಕಣಾಂಬಿಯ ಕಡೆಯ ರೈತರೊಬ್ಬರು ತಮ್ಮ ಸೀಮೆಎಣ್ಣೆ ಡಬ್ಬ ತೆಗೆದುಕೊಂಡು ಹೋಗಲು ಬಂದರು. ರಾಚಯ್ಯ ಡಬ್ಬವನ್ನು ಕೈಗೆ ಕೊಡದೆ ಹಿಡಿದುಕೊಂಡೇ ಇದ್ದರು.

"ಏಳಿ ಮತ್ತೆ," ಎಂದರು, ಪಾಠ ಹೇಳಿಸುವ ಮೇಷ್ಟ್ರ ಹಾಗೆ.

"ಏನ್ ಏಳದು ರಾಚಯ್ಯ, ಇದು ಸೀಮೆಎಣ್ಣೆ ಡಬ್ಬ ಕಣಪ್ಪ!"

"ಇರ್ಲಿ. ಏಳಿ."

"ಮಜ್ಜಿಗೆ ಆಕಾಕಿಲ್ಲ, ಹುಣಸೆಹುಳಿ ಆಕಾಕಿಲ್ಲ, ಉಪ್ಪಿನಕಾಯಿ ಆಕಾಕಿಲ್ಲ. ಸಾಕಾ? ಸೀಮೆಎಣ್ಣೆನಾರ ಆಕ್ಬೋದಾ?"

ನಿಂಗಯ್ಯ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ರಾಚಯ್ಯ ನಗಲಿಲ್ಲ, ಡಬ್ಬ ಕೊಟ್ಟು ಮುಂದಿನ ಕೆಲಸಕ್ಕೆ ಕೈ ಹಾಕಿದರು. ಆರು ವರ್ಷಗಳಿಂದ ಈ ಮೂರು ಮಾತು ಹೇಳಿಸದೆ ಯಾವ ಪಾತ್ರೆಯನ್ನೂ ಇವರು ಕೈಬಿಟ್ಟಿಲ್ಲವಂತೆ. ಮಜ್ಜಿಗೆ ರಾಚಯ್ಯ ಎಂಬ ಹೆಸರು ಬಂದದ್ದು ಹೀಗೆ. ಹೆಸರಿಟ್ಟವರಿಗೆ ಇನ್ನೊಂದು ವಿಷಯ ಗೊತ್ತಿಲ್ಲ. ಆರು ವರ್ಷಗಳಿಂದ ಈ ಮನುಷ್ಯ ತಾನೂ ಮಜ್ಜಿಗೆ ಕುಡಿದಿಲ್ಲ. ಇದನ್ನು ನನಗೆ ಹೇಳಿದವರು ಮಧ್ಯಾಹ್ನ ಬುತ್ತಿ ತಂದ ಅವರ ಹೆಂಡತಿ ಚಾಮುಂಡಿ. "ಮುದ್ದೆಗೆ ಸಾರು, ಅನ್ನಕ್ಕೂ ಸಾರು. ಮಜ್ಜಿಗೆ ಅಂದ್ರೆ ಎದ್ದೋಯ್ತರೆ. ಕೇಳುದ್ರೆ, ಅಕ್ಕ ಕೊಟ್ಟ ದಿನ ಕುಡೀತೀನಿ ಅಂತರೆ."

ರಾಚಯ್ಯ ಹುಟ್ಟಿದ್ದು ಚಾಮರಾಜನಗರದ ಆಚೆಯ ಕುದೇರಿನಲ್ಲಿ. ತಂದೆತಾಯಿ ಪ್ಲೇಗಿನಲ್ಲಿ ಹೋದಾಗ ಇವರಿಗೆ ನಾಲ್ಕು ವರ್ಷ, ಅಕ್ಕ ಸೋಮಮ್ಮನಿಗೆ ಹದಿನಾರು. ಆಕೆ ತಮ್ಮನನ್ನು ಸೊಂಟದ ಒಂದು ಬದಿಗೆ, ಮಣ್ಣಿನ ಕೊಡವನ್ನು ಇನ್ನೊಂದು ಬದಿಗೆ ಹೊತ್ತು ನೀರಿಗೆ ಹೋಗುತ್ತಿದ್ದಳು. ಅದೇ ಊರಿನಲ್ಲಿ ಮದುವೆಯಾದಳು, ತಮ್ಮನನ್ನೂ ಜೊತೆಗೇ ಇಟ್ಟುಕೊಂಡಳು. ಹದಿನೇಳರಲ್ಲಿ ಇವರು ಗುಂಡ್ಲುಪೇಟೆಗೆ ಬಂದು, ಘಟ್ಟದಾಚೆಯಿಂದ ಬಂದಿದ್ದ ಮಲೆಯಾಳದ ಮೇಸ್ತ್ರಿಯೊಬ್ಬರ ಹತ್ತಿರ ಮೂರು ವರ್ಷ ತಿದಿ ಊದಿ ಕೆಲಸ ಕಲಿತರು. ಸ್ವಂತಕ್ಕೆ ಕೂರುವಾಗ ತಗಡು ಕತ್ತರಿಸುವ ಕತ್ತರಿ ಕೊಡಿಸಿದ್ದು ಸೋಮಮ್ಮ, ತನ್ನ ಬೆಳ್ಳಿಯ ಕಡಗ ಬಿಚ್ಚಿಕೊಟ್ಟು. ಆ ಕತ್ತರಿ ಈಗಲೂ ಇವರ ಕೈಯಲ್ಲಿದೆ.

೧೯೫೧ನೇ ಇಸವಿಯ ಬೇಸಿಗೆಯಲ್ಲಿ ಸೋಮಮ್ಮನ ಮಗಳ ಮದುವೆ ಗೊತ್ತಾಯಿತು. ಸೋದರಮಾವ ಏನಾದರೂ ಕೊಡಬೇಕಲ್ಲ. ಅಕ್ಕ ಆಯುಷ್ಯವೆಲ್ಲ ನೀರು ಹೊತ್ತವಳು. ಎದೆ ಎತ್ತರದ ನೀರಿನ ಪೀಪಾಯಿಯೊಂದನ್ನು ಮಾಡಿ ಅಂಗಳದಲ್ಲಿಟ್ಟರೆ ಗಂಡಸರು ಗಾಡಿಯಲ್ಲಿ ನೀರು ತಂದು ತುಂಬುತ್ತಾರೆ, ಆಕೆಯ ಸೊಂಟಕ್ಕೆ ಬಿಡುವು ಸಿಗುತ್ತದೆ ಎಂದು ರಾಚಯ್ಯ ಲೆಕ್ಕ ಹಾಕಿದರು. ಇದ್ದುದರಲ್ಲೇ ಒಳ್ಳೆಯ ತಗಡು ತರಿಸಿ ಹನ್ನೊಂದು ದಿನ ಕೆಲಸ ಮಾಡಿದರು. ಮದುವೆಯ ಹಿಂದಿನ ದಿನ ಪೀಪಾಯಿಯನ್ನು ಗಾಡಿಯಿಂದ ಇಳಿಸಿದಾಗ ಊರೇ ಸುತ್ತ ನೆರೆಯಿತು. ಒಳಗೂ ಹೊರಗೂ ಬೆಳ್ಳಗೆ ಹೊಳೆಯುತ್ತಿತ್ತು.

"ಅವತ್ತು ನನ್ನ ನಾಲ್ಗೆ ಕೆಟ್ಟೋಯ್ತು ಸ್ವಾಮಿ," ಎನ್ನುತ್ತಾರೆ ರಾಚಯ್ಯ. "ಇದ್ಕೆ ಕಲಾಯಿ ಯಾರು ಆಕುದ್ದು ಅಂತ ಯಾರೋ ಕೇಳುದ್ರು. ನಾನು ಮೀಸೆ ತಿರುಗ್ಸಿ ಅಂದೆ, ಇದ್ಕೆ ಕಲಾಯಿ ಬ್ಯಾಡ, ಕಂಪ್ನಿಯೋರೇ ಆಕಿ ಕಳ್ಸವ್ರೆ ಅಂತ."

ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬೆದ್ದು ವಿಷವಾಗುತ್ತದೆ, ಒಳಗೆ ತವರದ ಕಲಾಯಿ ಇದ್ದರೆ ಇಡಬಹುದು. ಇದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹಾಲು ಕುಡಿಯುವಾಗಲೇ ಗೊತ್ತು. ಅಡುಗೆಯವರು ಆ ಮಾತು ಕೇಳಿದರು, ಒಳಗಿನ ಬಿಳಿ ಹೊಳಪು ನೋಡಿದರು, ಕಲಾಯಿ ಎಂದೇ ನಂಬಿದರು. ಬಿಳಿಯದ್ದೆಲ್ಲ ತವರವಲ್ಲ, ಇದು ಸತು ಎಂದು ಹೇಳಬೇಕಾದವರು ಹೊಗಳಿಕೆ ಕೇಳುತ್ತ ಹೊರಗೆ ನಿಂತಿದ್ದರು. ಬೀಗರ ಬಾಯಾರಿಕೆಗೆಂದು ಸಂಜೆಯೇ ಅರ್ಧ ಪೀಪಾಯಿ ನೀರುಮಜ್ಜಿಗೆ ಕದಡಿ ಮುಚ್ಚಿಟ್ಟರು. ಮರುದಿನ ಬಿಸಿಲೇರುವ ಹೊತ್ತಿಗೆ ಅದು ಚೆನ್ನಾಗಿ ಹುಳಿಬಂದಿತ್ತು. ತೆರಕಣಾಂಬಿಯಿಂದ ಬಂದ ಗಂಡಿನ ಕಡೆಯವರು ಎರಡೆರಡು ಲೋಟ ಕುಡಿದರು. ಧಾರೆ ಮುಗಿದು ಎಲೆ ಹಾಕುವ ಮೊದಲೇ ಚಪ್ಪರದ ಸುತ್ತ ವಾಂತಿ ಶುರುವಾಯಿತು.

ಯಾರೂ ಸಾಯಲಿಲ್ಲ. ಮರುದಿನಕ್ಕೆ ಎಲ್ಲರೂ ಎದ್ದು ಕುಳಿತರು. ಚಾಮರಾಜನಗರದಿಂದ ಸೈಕಲ್ಲಿನಲ್ಲಿ ಬಂದ ಕಾಂಪೌಂಡರ್ ಪೀಪಾಯಿಯನ್ನು ಬಗ್ಗಿಸಿ ನೋಡಿದರು. ಮಜ್ಜಿಗೆ ನಿಂತಿದ್ದಷ್ಟು ಎತ್ತರಕ್ಕೆ ಹೊಳಪು ಹೋಗಿ ಕಪ್ಪಗಾಗಿತ್ತು. ಹುಳಿ ಸತುವನ್ನು ತಿಂದಿತ್ತು, ಅದನ್ನು ಜನ ಕುಡಿದಿದ್ದರು. ಆದರೆ ವಿಷವಿಕ್ಕಿದ ಮನೆ ಎಂದು ಬೀಗರು ಮಾತಾಡಿ ಆಗಿತ್ತು. ಹೆಣ್ಣನ್ನು ಕರೆದುಕೊಂಡು ಹೋದವರು ಒಂದು ವರ್ಷ ತವರಿಗೆ ಕಳಿಸಲಿಲ್ಲ. ಗಾಡಿ ಕಣ್ಮರೆಯಾದ ಮೇಲೆ ಸೋಮಮ್ಮ ತಮ್ಮನ ಕಡೆ ತಿರುಗಿ, "ಇನ್ನ ಈ ಒಸ್ಲು ತುಳೀಬ್ಯಾಡ," ಎಂದಳು. ರಾಚಯ್ಯ ತುಳಿದಿಲ್ಲ. ಬೀಗರ ಕೋಪ ಇಳಿದು, ಹುಡುಗಿ ಈಗ ಮಗುವಿನೊಂದಿಗೆ ತವರಿಗೆ ಬಂದು ಹೋಗುತ್ತಾಳೆಂದು ಇವರಿಗೆ ತೆರಕಣಾಂಬಿ ಸಂತೆಗೆ ಹೋಗುವವರು ಹೇಳುತ್ತಾರೆ. ಇವರಿಗೆ ಮಾತ್ರ ಕರೆ ಬಂದಿಲ್ಲ.

ಹೊಂಗೆ ಮರಕ್ಕೆ ಒತ್ತಿ ಕಟ್ಟಿಕೊಂಡಿರುವ ಅವರ ಕೆಲಸದ ಗುಡಿಸಲಿನ ಒಳಗೋಡೆಯಲ್ಲಿ ಇದ್ದಲ ಚೀಲದ ಮೇಲೆ, ಮೊಳೆಗೆ ಒಂದು ದೊಡ್ಡ ದುಂಡನೆಯ ತಗಡು ನೇತುಬಿದ್ದಿದೆ. ಅದನ್ನೇಕೆ ಮಾರಿಲ್ಲ ಎಂದು ಕೇಳಿದೆ. ಪರ್ಮಿಟ್ಟಿನ ಕಾಲದಲ್ಲಿ ಅಷ್ಟು ತಗಡನ್ನು ಗೋಡೆಗೆ ತೂಗುಹಾಕುವುದು ಕಡಿಮೆ ಮಾತಲ್ಲ.

"ಅದು ಅಕ್ಕನ ಪೀಪಾಯಿಗೆ ಇಟ್ಟಿರೋ ಇನ್ನೊಂದು ತಳ," ಎಂದರು. "ಕುದೇರಿಂದ ಬಂದ ಮಾರ್ನೆ ದಿನ ಕುಯ್ದಿಟ್ಟೆ, ಅದೇ ತಗಡ್ನಾಗೆ. ಹುಳಿ ಸತು ತಿಂದಮ್ಯಾಲೆ ತಳದ ಕಬ್ಬಿಣ ಎಷ್ಟು ದಿನ ತಡೀತದೆ? ಮೂರೊರ್ಸ ಅನ್ಕಂಡೆ. ಸೋರುದ್ರೆ ಅಕ್ಕ ಯಾರ ಕೈಲಾರ ಏಳಿ ಕಳಿಸ್ತಳೆ, ಆಗ ಓಯ್ತೀನಿ ಅನ್ಕಂಡೆ. ಮೂರಾಯ್ತು, ನಾಕಾಯ್ತು. ಬೆಸುಗೆ ಮಾಡೋನು ಯಾವತ್ತೂ ಸೋರ್ದೆ ಇರ್ಲಿ ಅಂತ ಕೇಳ್ಕತಾನೆ. ನಾನೊಬ್ಬ ಬೆಳ್ಗೆದ್ದು ದೇವ್ರೇ ಅದೊಂದು ಸೋರ್ಲಿ ಅಂತೀನಿ. ಕೆಲ್ಸ ಕೆಟ್ಟದಾಗಿ ಮಾಡಿದ್ರೆ ಇಷ್ಟೊತ್ಗೆ ಅಕ್ಕನ ಮೊಕ ನೋಡ್ತಿದ್ನೇನೋ."

ಈ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ಪತ್ರಿಕೆಯವನು ಕಂಡದ್ದನ್ನು ಬರೆಯಬೇಕೇ ಹೊರತು ಊರ ಉಸಾಬರಿಗೆ ಹೋಗಬಾರದು ಎಂದು ನಮ್ಮ ಸಂಪಾದಕರು ಹೇಳುತ್ತಿರುತ್ತಾರೆ. ಅವರು ಕ್ಷಮಿಸಬೇಕು. ರಾಚಯ್ಯನವರಿಗೆ ಒಂದು ಮಾತೂ ಹೇಳದೆ ಮರುದಿನ ಬೆಳಗಿನ ಬಸ್ಸು ಹತ್ತಿ, ತೆರಕಣಾಂಬಿ ದಾಟಿ, ಚಾಮರಾಜನಗರದಲ್ಲಿ ಬಸ್ಸು ಬದಲಿಸಿ ಕುದೇರಿಗೆ ಹೋದೆ.

ಸೋಮಮ್ಮ ಅಂಗಳದಲ್ಲಿ ಹುರುಳಿ ಕೇರುತ್ತಿದ್ದರು. ಐವತ್ತು ದಾಟಿದ ಗಟ್ಟಿ ಹೆಂಗಸು. ಗುಂಡ್ಲುಪೇಟೆಯಿಂದ ಬಂದೆ, ಪೀಪಾಯಿ ನೋಡಬೇಕಿತ್ತು ಎಂದೆ. ಮೊರ ನಿಂತಿತು.

"ಅವ್ನು ಕಳ್ಸುದ್ನಾ?"

"ಇಲ್ಲಮ್ಮ, ನಾನೇ ಬಂದೆ. ನಾನು ಬಂದಿರುವುದು ಅವರಿಗೆ ಗೊತ್ತೂ ಇಲ್ಲ."

ಪೀಪಾಯಿ ಅಂಗಳದ ಮೂಲೆಯಲ್ಲಿ ಎರಡು ಕಲ್ಲಿನ ಮೇಲೆ ಕುಳಿತಿದೆ. ಬಗ್ಗಿ ನೋಡಿದೆ. ಒಳಗೆ ನಡುಮಟ್ಟದಲ್ಲಿ ಸುತ್ತಲೂ ಒಂದು ಗೆರೆ. ಮೇಲೆ ಇನ್ನೂ ತಗಡಿನ ಹೂವು ಕಾಣುತ್ತದೆ, ಕೆಳಗೆ ತುಕ್ಕಿನ ಕೆಂಪು. ತಳದ ಅಂಚಿಗೆ ಸೀರೆಯ ಚಿಂದಿಯನ್ನು ಮೇಣಕ್ಕೆ ಅದ್ದಿ ತುರುಕಿದ್ದಾರೆ. ಆದರೂ ಹನಿ ತೊಟ್ಟಿಕ್ಕುತ್ತದೆ, ಅದನ್ನು ಹಿಡಿಯಲು ಕೆಳಗೆ ಒಂದು ಮಣ್ಣಿನ ಬೋಗುಣಿ ಇಟ್ಟಿದ್ದಾರೆ.

"ಎಷ್ಟು ದಿನದಿಂದ ಸೋರುತ್ತಿದೆ?"

"ಓದ ದೀವಳ್ಗೆಯಿಂದ."

"ಚಾಮರಾಜನಗರದಲ್ಲಿ ಬೆಸುಗೆಯವರು ಇದ್ದಾರಲ್ಲ?"

"ಇಬ್ರು ಅವ್ರೆ. ನಮ್ಮನೆಯೋರು ಗಾಡಿಗೆ ಹೇರ್ಕಂಡು ಓಗ್ಬತ್ತೀನಿ ಅಂದ್ರು. ನಾನು ಬುಡ್ನಿಲ್ಲ." ಸೋಮಮ್ಮ ಮೊರದಲ್ಲಿದ್ದ ಕಲ್ಲೊಂದನ್ನು ಹುಡುಕಿ ಎಸೆದರು. "ಬರ್ಬ್ಯಾಡ ಅಂದೆ, ಹೌದು. ಮಗ್ಳು ಕಣ್ಣೀರಾಕ್ಕಂಡು ಗಾಡಿ ಅತ್ತಿದ್ಲು, ನನ್ನ ಹೊಟ್ಟೆ ಉರೀತಿತ್ತು, ಅಂದ್ಬುಟ್ಟೆ. ಅಕ್ಕ ಬೈದ್ಲು ಅಂತ ಆರೊರ್ಸ ಬರ್ದಂಗೆ ಇರ್ತಾನಾ ಸ್ವಾಮಿ? ಚಿಕ್ಕೋನಾಗಿದ್ದಾಗ ಬೈದ್ರೆ ಸಂದ್ಯಾಕೆ ಬಂದು ಸೆರಗು ಇಡ್ಕತಿದ್ದ. ಈಗೇನು ದೊಡ್ಡ ಮನ್ಸ ಆಗ್ಬುಟ್ನಾ?"

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹುರುಳಿಯ ಧೂಳು ಎಂದರು. ನಾನು ಹೊರಟು ನಿಂತಾಗ ಬಾಗಿಲವರೆಗೆ ಬಂದರು.

"ಸೋರ್ತಾ ಅದೆ ಅಂತ ಏಳ್ಬುಡಿ. ಬಾ ಅಂತ ನಾನ್ ಏಳ್ನಿಲ್ಲ ಅಂತಾನೂ ಏಳಿ."

ಸಂಜೆಯ ಬಸ್ಸಿಗೆ ಗುಂಡ್ಲುಪೇಟೆಗೆ ವಾಪಸಾದೆ. ರಾಚಯ್ಯ ಕೆಂಡಕ್ಕೆ ನೀರು ಚಿಮುಕಿಸುತ್ತಿದ್ದರು. ಎರಡು ಮಾತನ್ನೂ ಹೇಳಿದ ಹಾಗೆಯೇ ಒಪ್ಪಿಸಿದೆ. ಅವರು ಚೆಂಬನ್ನು ಕೆಳಗಿಟ್ಟರು.

"ಯಾವ ಕಡೆ ಸೋರ್ತದೆ? ನಡುವ್ಗಾ, ಅಂಚ್ಗಾ?"

"ಅಂಚಿಗೆ."

"ಒಳ್ಗೆ ಆ ಗೆರೆ?"

"ಇದೆ."

"ಅದು ಇರ್ತದೆ. ಅದ್ನ ತೆಗ್ಯಾಕಾಗಾಕಿಲ್ಲ." ಒಳಗೆ ಹೋಗಿ ಮೊಳೆಯಿಂದ ತಗಡನ್ನು ಇಳಿಸಿ ತಂದರು. ಆರು ಮಳೆಗಾಲದ ತೇವಕ್ಕೆ ಅದರ ಮೇಲೆ ಬಿಳಿ ಬೂಷ್ಟು ಕಟ್ಟಿತ್ತು. ಬೂದಿಯಲ್ಲಿ ಉಜ್ಜಿದರು, ವಲ್ಲಿಯಲ್ಲಿ ಒರೆಸಿದರು, ಮತ್ತೆ ಉಜ್ಜಿದರು. ಹೂವು ಮೆಲ್ಲಗೆ ಮೇಲೆದ್ದಿತು. ಆಮೇಲೆ ಗೋಣಿಚೀಲದಲ್ಲಿ ಕತ್ತರಿ, ಕೊಡತಿ, ಬೆಸುಗೆ ಕಡ್ಡಿ, ಸೀಸ, ಕೊನೆಗೆ ಬೆಳಗ್ಗೆ ಸತು ತಿನ್ನಿಸಿ ತಣಿಸಿದ ಆಸಿಡ್ಡಿನ ಸೀಸೆಯನ್ನು ಬಟ್ಟೆ ಸುತ್ತಿ ಇಟ್ಟರು.

ಈ ಬರಹ ನಿಮ್ಮ ಕೈ ಸೇರುವ ಹೊತ್ತಿಗೆ ಪೀಪಾಯಿಗೆ ಹೊಸ ತಳ ಬಿದ್ದಿರಬೇಕು. ಅಕ್ಕ ತಮ್ಮ ಏನು ಮಾತಾಡಿದರೋ ನನಗೆ ಗೊತ್ತಿಲ್ಲ, ನಾನು ಜೊತೆಗೆ ಹೋಗಲಿಲ್ಲ. ಆದರೆ ಅಂದು ಚೀಲದ ಬಾಯಿ ಕಟ್ಟುವಾಗ, ಅಕ್ಕನನ್ನು ಏನು ಕೇಳುತ್ತೀರಿ ಎಂದು ವಿಚಾರಿಸಿದ್ದೆ. ಕ್ಷಮೆ ಎನ್ನುತ್ತಾರೆ ಎಂದುಕೊಂಡಿದ್ದೆ. ರಾಚಯ್ಯ ಗಂಟು ಬಿಗಿದು, ತಲೆ ಎತ್ತದೆ ಹೇಳಿದರು:

"ಕೆಲ್ಸ ಮುಗ್ದಮ್ಯಾಲೆ ಬಾಯಾರ್ತದಲ್ಲ ಸ್ವಾಮಿ. ಕುಡ್ಯಾಕೆ ಏನು ಕೊಡ್ಲಿ ಅಂತ ಅಕ್ಕ ಕೇಳುದ್ರೆ ಒಂದ್ಲೋಟ ಮಜ್ಜಿಗೆ ಕೊಡವ್ವ ಅಂತೀನಿ. ಹುಳಿಯಾಗಿದ್ರೂ ಸೈ."